ಶಾಕ್‌ವೇವ್ ಅಂದರೆ ಕರೆಂಟ್ ಅಲ್ಲ: ಹಳೇ ಹಿಮ್ಮಡಿ ನೋವಿಗೆ ಏಟಿನ ಮದ್ದು

"ಏನೇ, ಕಾಲಿಗೆ ಕರೆಂಟ್ ಶಾಕ್ ಕೊಡಿಸ್ಕೊಂಡು ಬಂದ್ಯಂತೆ?" ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದ ರೀತಿಗೆ ನನಗೇ ಒಂದು ಗಳಿಗೆ ಭಯವಾಯಿತು. ಪಕ್ಕದ ಮನೆ ಆಂಟಿಯದು ಇನ್ನೊಂದು ಕಥೆ. "ಕಿಡ್ನಿ ಸ್ಟೋನ್ ಪುಡಿ ಮಾಡ್ತಾರಲ್ಲ, ಅದೇ ಮಿಷನ್ನಂತೆ. ಬೆಳೆದಿರೋ ಮೂಳೇನ ಪುಡಿ ಮಾಡ್ಬಿಡ್ತಾರೆ." ಹಿಮ್ಮಡಿ ನೋವಿಗೆ ಶಾಕ್‌ವೇವ್, ಅಂದರೆ ನೋವಿನ ಜಾಗಕ್ಕೆ ಆಘಾತ ತರಂಗ ಹಾಯಿಸುವ ಚಿಕಿತ್ಸೆ, ತೆಗೆದುಕೊಳ್ಳುತ್ತೇನೆ ಅಂದ ದಿನದಿಂದ ನಾನು ಕೇಳಿದ್ದು ಹೆಚ್ಚುಕಡಿಮೆ ಈ ಎರಡೇ ಮಾತು. ಎರಡೂ ತಪ್ಪು. ಆದರೆ ಆಂಟಿಯ ತಪ್ಪಿಗೆ ಒಂದು ನಿಜವಾದ ಇತಿಹಾಸವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೈಸ್ಕೂಲ್ ಟೀಚರ್. ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ. ಮನೆಗೆ ಬಂದರೆ ಅಡುಗೆಮನೆಯ ನುಣುಪು ಟೈಲ್ಸ್ ಮೇಲೆ ಬರಿಗಾಲಿನಲ್ಲಿ ಮತ್ತೆ ನಿಲ್ಲುವುದು. ಎಡಗಾಲಿನ ಹಿಮ್ಮಡಿ ನೋವು ಶುರುವಾದಾಗ ಎರಡು ವಾರದಲ್ಲಿ ಹೋಗುತ್ತದೆ ಅಂದುಕೊಂಡೆ. ಹದಿನಾಲ್ಕು ತಿಂಗಳು ಹಿಡಿಯಿತು. ಬೆಳಗ್ಗೆ ಮಂಚದಿಂದ ಇಳಿದು ಇಡುವ ಮೊದಲ ಹೆಜ್ಜೆ ಇದೆಯಲ್ಲ, ಅದಕ್ಕೆ ಗೋಡೆ ಹಿಡಿದುಕೊಳ್ಳಬೇಕಿತ್ತು. ಹತ್ತು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಹದಕ್ಕೆ ಬರುತ್ತಿತ್ತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತು ಎದ್ದರೆ ಮತ್ತೆ ಅದೇ ಪಾಡು. ಈ ಲಕ್ಷಣ ಹೇಳಿದರೆ ಸಾಕು, ಬಹುಪಾಲು ವೈದ್ಯರು ಕಾಲು ಮುಟ್ಟುವ ಮೊದಲೇ ಹೆಸರು ಹೇಳಿಬಿಡುತ್ತಾರೆ: ಪ್ಲಾಂಟಾರ್ ಫೇಶಿಯೈಟಿಸ್.

ನೋವು ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಳ್ಳಿ. ಒಂದು ಕೈಯಲ್ಲಿ ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಮಡಿಸಿ, ಇನ್ನೊಂದು ಕೈಯ ಬೆರಳಿನಿಂದ ಅಂಗಾಲನ್ನು ಒತ್ತಿ ನೋಡಿ. ತಂಬೂರಿಯ ತಂತಿಯ ಹಾಗೆ ಬಿಗಿಯಾದ ಒಂದು ಪಟ್ಟಿ ಸಿಗುತ್ತದೆ. ಅದೇ ಪ್ಲಾಂಟಾರ್ ಫೇಶಿಯ. ಹಿಮ್ಮಡಿ ಮೂಳೆಯ ಒಳಮಗ್ಗುಲಲ್ಲಿ ಹುಟ್ಟಿ, ಅಂಗಾಲಿನುದ್ದಕ್ಕೂ ಹರಡಿ, ಬೆರಳುಗಳ ಬುಡದಲ್ಲಿ ಸೇರುವ ಗಟ್ಟಿ ನಾರಿನ ಪಟ್ಟಿ. ನಡೆಯುವಾಗ ಹಿಮ್ಮಡಿ ಎತ್ತಿ ಬೆರಳ ಮೇಲೆ ಭಾರ ಹಾಕಿದಾಗ ಬೆರಳುಗಳು ಮೇಲಕ್ಕೆ ಮಡಿಯುತ್ತವೆ, ಪಟ್ಟಿ ಬೆರಳ ಬುಡಕ್ಕೆ ಸುತ್ತಿಕೊಂಡು ಬಿಗಿಯಾಗುತ್ತದೆ, ಪಾದದ ಕಮಾನು ಎದ್ದು ನಿಲ್ಲುತ್ತದೆ. ಬಾವಿಯ ರಾಟೆಗೆ ಹಗ್ಗ ಸುತ್ತಿದಂತೆ. 1954ರಲ್ಲಿ ಜೆ. ಎಚ್. ಹಿಕ್ಸ್ ಎಂಬಾತ ಇದನ್ನು ವಿವರಿಸಿ, ಹಗ್ಗ ಸುತ್ತುವ ಉರುಳೆಯ ಹೆಸರನ್ನೇ ಇಟ್ಟ: ವಿಂಡ್‌ಲಾಸ್. ಪ್ರತಿ ಹೆಜ್ಜೆಗೂ ಈ ಹಗ್ಗ ಒಮ್ಮೆ ಎಳೆದು ಒಮ್ಮೆ ಸಡಿಲವಾಗುತ್ತದೆ. ದಿನಕ್ಕೆ ಐದಾರು ಸಾವಿರ ಹೆಜ್ಜೆ ಅಂದರೆ ಲೆಕ್ಕ ಹಾಕಿಕೊಳ್ಳಿ.

ಹಗ್ಗ ಸವೆಯುವುದು ಗೂಟಕ್ಕೆ ಕಟ್ಟಿದ ಜಾಗದಲ್ಲಿ. ಇಲ್ಲೂ ಹಾಗೇ, ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ಎಳೆಗಳು ಸಣ್ಣಗೆ ಹರಿಯುತ್ತವೆ, ದೇಹ ತೇಪೆ ಹಾಕುತ್ತದೆ, ತೇಪೆ ಗಟ್ಟಿಯಾಗುವ ಮೊದಲೇ ಮತ್ತೆ ಹರಿಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿರುತ್ತದೆ, ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ಆರೇಳು ಗಂಟೆ ಇರುತ್ತದೆ. ಬೆಳಗ್ಗೆ ಒಮ್ಮೆಲೇ ಮೈಭಾರ ಬಿದ್ದು ಅದು ಚಾಚಿಕೊಂಡಾಗ ಆಗುವುದೇ ಆ ಮೊದಲ ಹೆಜ್ಜೆಯ ನೋವು.

ಹೆಸರಿನ ಕೊನೆಯ "ಐಟಿಸ್" ಅಂದರೆ ಉರಿಯೂತ. ಹಳೇ ನೋವಿನ ಮಟ್ಟಿಗೆ ಈ ಹೆಸರೇ ದಾರಿ ತಪ್ಪಿಸುತ್ತದೆ. ಅಮೆರಿಕದ ಹಾರ್ವೆ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಪ್ರಕರಣಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ 2003ರಲ್ಲಿ ವರದಿ ಮಾಡಿದರು. ಕಂಡದ್ದು ಉರಿಯೂತದ ಜೀವಕೋಶಗಳಲ್ಲ. ನಾರುಗಳು ಕ್ರಮಗೆಟ್ಟು, ಸವೆದು, ಸಿಕ್ಕಾದ ಚಿತ್ರ. ಅಂದರೆ ರಿಪೇರಿ ಅರ್ಧಕ್ಕೆ ನಿಂತುಹೋದ ಜಾಗ. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದರೂ ಹಿಮ್ಮಡಿ ಯಾಕೆ ವಾಸಿಯಾಗುವುದಿಲ್ಲ ಅನ್ನುವುದಕ್ಕೆ ಇದು ಉತ್ತರ. ಆ ಮಾತ್ರೆಗಳು ಆರಿಸುವುದು ಬೆಂಕಿಯನ್ನು. ಇಲ್ಲಿ ಬೆಂಕಿಯೇ ಇಲ್ಲ, ಕೆಲಸ ನಿಲ್ಲಿಸಿ ಹೋದ ಗಾರೆ ಮೇಸ್ತ್ರಿಯನ್ನು ವಾಪಸ್ ಕರೆಸಬೇಕಾಗಿದೆ.

ಈಗ ಎಕ್ಸ್‌ರೇ ವಿಷಯ. ನಾನು ಮೊದಲು ಹೋದ ಕಡೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಹಿಮ್ಮಡಿ ಮೂಳೆಯಿಂದ ಮುಂದಕ್ಕೆ ಚಾಚಿದ ಗುಬ್ಬಿ ಕೊಕ್ಕಿನಂಥ ಒಂದು ತುದಿಯನ್ನು ತೋರಿಸಿ, "ನೋಡಿ, ಮೂಳೆ ಬೆಳೆದಿದೆ, ಇದೇ ಚುಚ್ತಾ ಇರೋದು" ಅಂದರು. ನಾನು ನಂಬಿದೆ. ಕಣ್ಣಿಗೆ ಕಾಣುವ ಮುಳ್ಳನ್ನು ನಂಬದೆ ಇರುವುದು ಹೇಗೆ? ಆದರೆ ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಈ ಕೊಕ್ಕು ಇರುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ತೀವ್ರ ನೋವಿರುವ ಕೆಲವರಲ್ಲಿ ಅದು ಇರುವುದೇ ಇಲ್ಲ. ಸಾಮಾನ್ಯವಾಗಿ ಅದು ಬೆಳೆಯುವುದು ಈ ಪಟ್ಟಿಯ ಒಳಗಲ್ಲ, ಪಟ್ಟಿಯ ಮೇಲಿರುವ ಸಣ್ಣ ಸ್ನಾಯುವಿನ ಬುಡದಲ್ಲಿ. ನೋವು ವಾಸಿಯಾದವರ ಎಕ್ಸ್‌ರೇ ತೆಗೆದರೂ ಕೊಕ್ಕು ಅಲ್ಲೇ ಇರುತ್ತದೆ. ನಿಜಕ್ಕೂ ಉಪಯೋಗಕ್ಕೆ ಬರುವ ಚಿತ್ರ ಬೇಕಿದ್ದರೆ ಅಲ್ಟ್ರಾಸೌಂಡ್ ಮೇಲು. ಪಟ್ಟಿಯ ದಪ್ಪ 4 ಮಿಲಿಮೀಟರ್ ದಾಟಿದ್ದರೆ ರೋಗ ಅಲ್ಲೇ ಇದೆ ಅಂತ ಬಲವಾಗಿ ಹೇಳಬಹುದು.

ಅದೇ ಕಡೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಆಯಿತು. ಹಿಮ್ಮಡಿಗೆ ಸೂಜಿ ಹಾಕಿಸಿಕೊಂಡವರಿಗೆ ಗೊತ್ತು, ಅದು ಎಂಥ ನೋವು ಅಂತ. ಐದಾರು ವಾರ ಸ್ವರ್ಗ, ಆಮೇಲೆ ಹಳೇ ಕಥೆ. ಇದು ನನ್ನೊಬ್ಬಳ ದುರದೃಷ್ಟವಲ್ಲ, ಆ ಇಂಜೆಕ್ಷನ್ನಿನ ಸ್ವಭಾವವೇ ಅಷ್ಟು: ಆರಾಮ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಮೇಲಿಂದ ಮೇಲೆ ಹಾಕಿಸಿಕೊಂಡರೆ ಹಿಮ್ಮಡಿಯ ಅಡಿಯ ಕೊಬ್ಬಿನ ಮೆತ್ತೆ ಸವೆಯುವ, ಪಟ್ಟಿಯೇ ಹರಿದುಹೋಗುವ ಅಪಾಯವೂ ಇದೆ.

ಊರಿಗೆ ಹೋದಾಗ ಅಮ್ಮನ ಮದ್ದು. ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಎಲೆಯ ಮೇಲೆ ಹಿಮ್ಮಡಿ ಊರಿ ಒತ್ತುವುದು. ಎಲೆ ಚುರ್ರ್ ಅನ್ನುತ್ತದೆ, ಹಸಿರು ವಾಸನೆ ಏಳುತ್ತದೆ, ಹಿಮ್ಮಡಿಗೆ ಹಿತವಾದ ಬಿಸಿ ಇಳಿಯುತ್ತದೆ. ನಗಬೇಡಿ, ಆ ಹೊತ್ತಿಗೆ ಹಿತ ನಿಜ. ಶಾಖ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಒಂದೆರಡು ಗಂಟೆ ಓಡಾಟ ಸಲೀಸಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಇದರ ಹತ್ತಿರ ಹೋಗಬಾರದು. ಸುಟ್ಟದ್ದೇ ಗೊತ್ತಾಗದೆ ಗಾಯವಾಗಿ, ಹಿಮ್ಮಡಿ ನೋವು ಹೋಗಿ ಹಿಮ್ಮಡಿ ಹುಣ್ಣು ಬಂದೀತು.

ಏಟಿಗೆ ಮೊದಲು

ಶಾಕ್‌ವೇವ್ ಬಗ್ಗೆ ಬರೆಯಲು ಹೊರಟವಳು ಇದನ್ನು ಒತ್ತಿ ಹೇಳುವುದು ವಿಚಿತ್ರ ಅನ್ನಿಸಬಹುದು, ಆದರೂ ಹೇಳಬೇಕು: ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ಈ ಮಿಷನ್ ಬೇಕಾಗುವುದೇ ಇಲ್ಲ. ಸರಿಯಾದ ವ್ಯಾಯಾಮ, ಸರಿಯಾದ ಚಪ್ಪಲಿ, ನಿಲ್ಲುವ ಹೊತ್ತು ಸ್ವಲ್ಪ ಕಡಿಮೆ, ಇಷ್ಟರಲ್ಲೇ ಒಂದು ವರ್ಷದೊಳಗೆ ನೋವು ಇಳಿಯುತ್ತದೆ.

ವ್ಯಾಯಾಮ ಅಂದರೆ ಮುಖ್ಯವಾಗಿ ಎರಡು. ಮೊದಲನೆಯದು ಮೇಲೆ ಹೇಳಿದ ಪರೀಕ್ಷೆಯೇ. ಕಾಲ ಮೇಲೆ ಕಾಲು ಹಾಕಿ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ಹೊತ್ತು ಮಂಚದಿಂದ ಕಾಲು ಕೆಳಗಿಡುವ ಮುಂಚೆಯೇ ಆಗಬೇಕು. 2003ರಲ್ಲಿ ಅಮೆರಿಕದ ಡಿಜಿಯೊವಾನಿ ಮತ್ತು ತಂಡ, ಬರೀ ಮೀನಖಂಡ ಚಾಚುವುದಕ್ಕಿಂತ ಈ ಪಟ್ಟಿಯನ್ನೇ ಚಾಚುವುದು ಹಳೇ ನೋವಿಗೆ ಹೆಚ್ಚು ಫಲ ಕೊಡುತ್ತದೆ ಎಂದು ತೋರಿಸಿತು. ಎರಡನೆಯದು ಡೆನ್ಮಾರ್ಕಿನ ರಾತ್ಲೆಫ್ ತಂಡದ್ದು: ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಸುವುದು, ದಿನ ಬಿಟ್ಟು ದಿನ. ಟವೆಲ್ ಯಾಕೆ ಅಂದರೆ ಆ ರಾಟೆ ಸುತ್ತಲು. ಬೆರಳು ಮೇಲೆ ಮಡಿದಿದ್ದರೆ ಪಟ್ಟಿ ಬಿಗಿಯುತ್ತದೆ, ಭಾರ ಪಟ್ಟಿಗೇ ತಲುಪುತ್ತದೆ.

ಚಪ್ಪಲಿಗೆ ಹೆಚ್ಚು ಮಾತು ಬೇಡ. ಅಡಿ ಸವೆದು ಕಾಗದದಂತಾದ ಹವಾಯಿ ಚಪ್ಪಲಿಯನ್ನು ಬಿಸಾಡಿ. ಮನೆಯೊಳಗೂ ಮೆತ್ತನೆಯದೊಂದು ಹಾಕಿಕೊಳ್ಳಿ, ಅತ್ತೆ ಮಾವ ಗೊಣಗಿದರೂ ಸರಿ. ಎಂಸಿಆರ್ ಚಪ್ಪಲಿ ಅಂತ ಔಷಧದ ಅಂಗಡಿಗಳಲ್ಲಿ ಸಿಗುತ್ತದಲ್ಲ, ಆ ಮೆತ್ತನೆ ರಬ್ಬರ್ ನಮ್ಮ ದೇಶದಲ್ಲಿ ಹೆಸರಾದದ್ದು ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರ ಚಪ್ಪಲಿಯಾಗಿ. ಈಗ ಅದು ನಮ್ಮಂಥ ಹಿಮ್ಮಡಿ ನೋವಿನವರದ್ದೂ ಆಗಿದೆ.

ಇದೆಲ್ಲ ನಿಷ್ಠೆಯಿಂದ ಆರು ತಿಂಗಳು ಮಾಡಿಯೂ ನೋವು ಜಗ್ಗದೆ ಕೂತಿದೆ ಅಂತಾದರೆ, ಆಗ ಶಾಕ್‌ವೇವ್ ಮಾತು. "ನಿಷ್ಠೆಯಿಂದ" ಅನ್ನುವಲ್ಲಿ ನಾನು ಮೊದಲ ಸಲ ಫೇಲ್ ಆಗಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ. ವಾರಕ್ಕೆ ಎರಡು ದಿನ ಮಾಡಿ "ಮಾಡ್ತಾ ಇದೀನಿ ಸರ್" ಅನ್ನುವವರ ಗುಂಪು ನನ್ನದು.

ಮಳೆಹನಿ, ವಿಮಾನ, ಕಿಡ್ನಿ ಕಲ್ಲು

ಜರ್ಮನಿಯ ಡೊರ್ನಿಯರ್ ವಿಮಾನ ಕಂಪನಿಯ ಎಂಜಿನಿಯರುಗಳಿಗೆ ಒಂದು ತಲೆನೋವಿತ್ತು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹದಲ್ಲಿ ಕುಳಿ ಬೀಳುತ್ತಿತ್ತು. ಹನಿ ಬಡಿದಾಗ ಹುಟ್ಟುವ ಆಘಾತ ತರಂಗ ವಸ್ತುವಿನೊಳಗೆ ಹೇಗೆ ಸಾಗುತ್ತದೆ ಎಂಬ ಆ ಅಧ್ಯಯನದಿಂದಲೇ ಒಂದು ಯೋಚನೆ ಹುಟ್ಟಿತು: ಮೈಯ ಬಹುಪಾಲು ನೀರು, ನೀರಿನಲ್ಲಿ ಹುಟ್ಟಿಸಿದ ತರಂಗ ಮೈಯೊಳಗೆ ಅಷ್ಟೇನೂ ತಡೆಯಿಲ್ಲದೆ ಸಾಗುತ್ತದೆ, ಆದರೆ ಗಟ್ಟಿ ಕಲ್ಲು ಎದುರಾದ ಅಂಚಿನಲ್ಲಿ ತನ್ನ ಶಕ್ತಿಯನ್ನು ಇಳಿಸುತ್ತದೆ. ಹಾಗಾದರೆ ಚಾಕು ಹಾಕದೆ ಮೂತ್ರಪಿಂಡದ ಕಲ್ಲನ್ನು ಒಡೆಯಬಹುದಲ್ಲ? 1980ರ ಫೆಬ್ರುವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಸ್ಟಿಯಾನ್ ಚೌಸಿ ಮತ್ತು ಸಂಗಡಿಗರು ಮೊದಲ ರೋಗಿಯನ್ನು ನೀರಿನ ತೊಟ್ಟಿಗಿಳಿಸಿ ಅದನ್ನು ಮಾಡಿ ತೋರಿಸಿದರು. ಪಕ್ಕದ ಮನೆ ಆಂಟಿ ಹೇಳಿದ ಮಿಷನ್ ಇದೇ.

ಆಮೇಲೆ ನಡೆದದ್ದು ಯಾರೂ ಎಣಿಸಿರಲಿಲ್ಲ. ಕಲ್ಲೊಡೆಯುವ ತರಂಗ ದಾರಿಯಲ್ಲಿ ಸಿಗುವ ಮೂಳೆಗೆ ಏನು ಮಾಡುತ್ತದೆ ಎಂದು 1980ರ ದಶಕದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದಾಗ, ಹಾನಿ ಹುಡುಕಿ ಹೊರಟವರಿಗೆ ಹೊಸ ಮೂಳೆ ಕಟ್ಟುತ್ತಿರುವುದು ಕಂಡಿತು. ಕಲ್ಲನ್ನು ಪುಡಿ ಮಾಡುವ ತರಂಗವೇ ಜೀವಂತ ಮೂಳೆಯನ್ನು ಕೆಲಸಕ್ಕೆ ಎಬ್ಬಿಸುತ್ತಿತ್ತು. 1991ರಲ್ಲಿ ಬಲ್ಗೇರಿಯದ ವೈದ್ಯರು ಕೂಡಿಕೊಳ್ಳದೆ ಉಳಿದಿದ್ದ ಮುರಿದ ಮೂಳೆಗಳಿಗೆ ಈ ತರಂಗ ಕೊಟ್ಟು ಬಂದ ಫಲಿತಾಂಶ ಪ್ರಕಟಿಸಿದರು. ಮೂಳೆಯಿಂದ, ಅದಕ್ಕೆ ಅಂಟಿದ ನಾರುಗಳ ಕಡೆಗೆ ಗಮನ ಹರಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಹಳೇ ಹಿಮ್ಮಡಿ ನೋವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಶಾಕ್‌ವೇವ್ ಯಂತ್ರಕ್ಕೆ ಒಪ್ಪಿಗೆ ಕೊಟ್ಟದ್ದು 2000ದಲ್ಲಿ.

ಆದ್ದರಿಂದ ಆಂಟಿಯ ಮಾತಿಗೆ ತಿದ್ದುಪಡಿ: ಮಿಷನ್ನಿನ ವಂಶ ಅದೇ, ಕಸುಬು ಬೇರೆ. ಹಿಮ್ಮಡಿಯ ಕೊಕ್ಕನ್ನು ಇದು ಮುರಿಯುವುದಿಲ್ಲ, ಮುರಿಯಲು ಯಾರೂ ಪ್ರಯತ್ನಿಸುವುದೂ ಇಲ್ಲ. ಬಳಸುವ ಶಕ್ತಿಯೂ ಕಲ್ಲೊಡೆಯುವುದಕ್ಕಿಂತ ಎಷ್ಟೋ ಕಡಿಮೆ. ಯಾರಾದರೂ "ಮೂಳೆ ಕರಗಿಸ್ತೀವಿ" ಎಂದು ಬೋರ್ಡು ಹಾಕಿದ್ದರೆ ಅಲ್ಲಿಂದ ಮೆಲ್ಲಗೆ ಎದ್ದು ಬನ್ನಿ.

ಯಾವ ಮಿಷನ್ ಎಂದು ಕೇಳಿ

ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳಿವೆ. ಚಿಕಿತ್ಸೆಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಫೋಕಸ್ಡ್ ಎನ್ನುವುದು ನಿಜವಾದ ಆಘಾತ ತರಂಗ. ನೀರಿನೊಳಗಿನ ಕಿಡಿಯಿಂದಲೋ, ವಿದ್ಯುತ್ಕಾಂತದಿಂದಲೋ, ಕರೆಂಟ್ ಹಾಯಿಸಿದರೆ ಹಿಗ್ಗಿ ಕುಗ್ಗುವ ಪೀಜೊ ಹರಳುಗಳಿಂದಲೋ ತರಂಗ ಹುಟ್ಟಿಸಿ, ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿದಂತೆ ಮೈಯೊಳಗಿನ ಒಂದು ಬಿಂದುವಿಗೆ ಕೂಡಿಸುತ್ತಾರೆ. ಒತ್ತಡ ಏರುವುದು, ಸೆಕೆಂಡನ್ನು ಕೋಟಿಗಟ್ಟಲೆ ಭಾಗ ಮಾಡಿದರೆ ಅದರ ಒಂದು ಭಾಗದಲ್ಲಿ. ಚರ್ಮದ ಮೇಲೆ ಹೆಚ್ಚು ಗೊತ್ತಾಗುವುದಿಲ್ಲ, ಆಳದಲ್ಲಿ ಜೋರು.

ರೇಡಿಯಲ್ ಎನ್ನುವುದು ಬೇರೆ ಜಾತಿ. ಕಂಪ್ರೆಸರ್ ತುಂಬಿದ ಗಾಳಿ, ಕೈಯಲ್ಲಿ ಹಿಡಿಯುವ ಪಿಸ್ತೂಲಿನಂಥ ಸಾಧನದೊಳಗೆ ಒಂದು ಸಣ್ಣ ಲೋಹದ ಗುಂಡನ್ನು ತಳ್ಳುತ್ತದೆ. ಅದು ತುದಿಯ ಲೋಹದ ಬಿಲ್ಲೆಗೆ ಬಡಿಯುತ್ತದೆ, ಬಿಲ್ಲೆ ಚರ್ಮಕ್ಕೆ ಬಡಿಯುತ್ತದೆ. ಚರ್ಮದ ಮೇಲೆ ಏಟು ಜೋರು, ಒಳಗೆ ಹೋದಂತೆ ಕೆರೆಗೆ ಕಲ್ಲೆಸೆದಾಗಿನ ಅಲೆಯಂತೆ ಹರಡಿ ಸಡಿಲವಾಗುತ್ತದೆ. ಭೌತಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಇದು ಆಘಾತ ತರಂಗವೇ ಅಲ್ಲ, ಒತ್ತಡದ ಅಲೆ. ಆದರೂ ಹಿಮ್ಮಡಿಗೆ ಸಾಕಾಗುತ್ತದೆ, ಯಾಕೆಂದರೆ ನೋವಿನ ಜಾಗ ಚರ್ಮದಿಂದ ಎರಡು ಸೆಂಟಿಮೀಟರಿನ ಆಸುಪಾಸಿನಲ್ಲೇ ಇದೆ. ಫಿಸಿಯೋಥೆರಪಿ ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಹಿಮ್ಮಡಿಯ ಮಟ್ಟಿಗೆ ಎರಡರ ಪರವಾಗಿಯೂ ಒಳ್ಳೆಯ ಅಧ್ಯಯನಗಳಿವೆ, ಆದ್ದರಿಂದ ರೇಡಿಯಲ್ ಅಂದ ಕೂಡಲೇ ಮೋಸ ಅಂದುಕೊಳ್ಳಬೇಡಿ. ಯಾವುದು ಕೊಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿದೆಯಾ ಅನ್ನುವುದಷ್ಟೇ ಮುಖ್ಯ.

ನನಗೆ ಆದದ್ದು ರೇಡಿಯಲ್. ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗೆ ಬರುವಂತೆ ಇಟ್ಟುಕೊಂಡರು. ಫಿಸಿಯೋ ಮೇಡಂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ನಾನು "ಅಮ್ಮಾ" ಅಂದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿದರು. ತಣ್ಣನೆಯ ಜೆಲ್ ಸವರಿದರು. ಜೆಲ್ ಯಾಕೆ ಅಂದೆ. ಬಿಲ್ಲೆಗೂ ಚರ್ಮಕ್ಕೂ ನಡುವೆ ಗಾಳಿ ಉಳಿದರೆ ಅಲೆ ಅಲ್ಲೇ ವಾಪಸ್ ಬರುತ್ತದೆ, ಒಳಗೆ ಹೋಗುವುದಿಲ್ಲ ಅಂದರು. ಆಮೇಲೆ ಮೂಲೆಯಲ್ಲಿ ಕಂಪ್ರೆಸರ್ ಗುರ್ ಅಂತ ಶುರುವಾಯಿತು. ಕಣ್ಣು ಮುಚ್ಚಿದರೆ ಥೇಟ್ ಪಂಕ್ಚರ್ ಅಂಗಡಿ. ಟಕಟಕಟಕಟಕ ಅಂತ ಒಂದೇ ಸಮನೆ ಬಡಿತ. ಮೊದಲ ಅರ್ಧ ನಿಮಿಷ ಕಡಿಮೆ ಒತ್ತಡ, 1.5 ಬಾರ್. "ಹತ್ತಕ್ಕೆ ಎಷ್ಟು ನೋವು?" "ಐದು." ಎರಡು ಬಾರ್. "ಈಗ?" "ಏಳು ಮೇಡಂ." "ಏಳರಲ್ಲೇ ಇರಲಿ ಬಿಡಿ." ಒಟ್ಟು 2000 ಏಟು, ಸೆಕೆಂಡಿಗೆ 10ರಂತೆ. ಲೆಕ್ಕ ಹಾಕಿದರೆ ಮೂರೂವರೆ ನಿಮಿಷವೂ ಇಲ್ಲ. ಮಲಗಿದ್ದವಳಿಗೆ ಮೂರೂವರೆ ಪೀರಿಯಡ್ ಅನ್ನಿಸಿತು. ಕೊನೆಯ 500ರ ಹೊತ್ತಿಗೆ ನೋವು ಮಂದವಾಗಿ, ಎದ್ದು ನಿಂತಾಗ ಹಿಮ್ಮಡಿ ಜೋಮು ಹಿಡಿದಂತಿತ್ತು.

ನೋವನ್ನು ಹೀಗೆ ಕೇಳಿ ಕೇಳಿ ಏರಿಸುವುದು ಔಪಚಾರಿಕತೆಯಲ್ಲ. ಹೆಚ್ಚು ನೋಯುವ ಬಿಂದುವಿಗೇ ಏಟು ಬೀಳುತ್ತಿದೆಯೇ ಎಂದು ಹೇಳಬಲ್ಲವರು ರೋಗಿ ಮಾತ್ರ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಅಷ್ಟೇ ಅಲ್ಲ, ಫಲವೂ ಕಡಿಮೆಯಾಗುತ್ತದೆ ಎಂದು ಜರ್ಮನಿಯ ರೊಂಪೆ ತಂಡ 2005ರಲ್ಲಿ ತೋರಿಸಿತು. ನೋವಿನ ನರಗಳೂ ಈ ಚಿಕಿತ್ಸೆಯ ಭಾಗವೇ ಇರಬೇಕು.

ಹಾಗಾದರೆ ಒಳಗೆ ಆಗುವುದೇನು? ಒಂದೇ ವಾಕ್ಯದ ಉತ್ತರವನ್ನು ವಿಜ್ಞಾನ ಇನ್ನೂ ಕೊಟ್ಟಿಲ್ಲ, ಆದರೆ ಮೂರು ಎಳೆಗಳು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಸಿಕ್ಕಿವೆ. ಜೀವಕೋಶಗಳು ತಮಗೆ ಬಿದ್ದ ತಳ್ಳಾಟವನ್ನು ರಾಸಾಯನಿಕ ಸಂದೇಶವಾಗಿ ಬದಲಿಸುತ್ತವೆ, ಬೆಳವಣಿಗೆಯ ಅಂಶಗಳು ಹೊರಬರುತ್ತವೆ. ರಕ್ತ ಸಂಚಾರ ಬಡವಾಗಿದ್ದ ಆ ಜಾಗದಲ್ಲಿ ಹೊಸ ಸಣ್ಣ ರಕ್ತನಾಳಗಳು ಮೂಡುತ್ತವೆ. ನೋವಿನ ಸುದ್ದಿ ಸಾಗಿಸುವ ಸಬ್‌ಸ್ಟೆನ್ಸ್ ಪಿ ಎಂಬ ವಸ್ತು ಆ ಜಾಗದಲ್ಲಿ ಕಡಿಮೆಯಾಗುತ್ತದೆ. ನಿಂತುಹೋದ ರಿಪೇರಿಯ ಜಾಗದಲ್ಲಿ ಹದವಾದ ಒಂದು ಹೊಸ ಗಲಾಟೆ ಎಬ್ಬಿಸಿ ಮೇಸ್ತ್ರಿಯನ್ನು ವಾಪಸ್ ಕರೆಸುವುದು ಅನ್ನಿ. ಮೇಸ್ತ್ರಿ ಬಂದು ಗೋಡೆ ಕಟ್ಟಲು ವಾರಗಳು ಬೇಕು. ಅದಕ್ಕೇ ಫಲವನ್ನು ಅಳೆಯುವುದು ಮೂರನೇ ಸಿಟ್ಟಿಂಗಿನ ದಿನವಲ್ಲ, 12ನೇ ವಾರದಲ್ಲಿ.

ಪುರಾವೆ ಎಷ್ಟು ಗಟ್ಟಿ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಜಾಹೀರಾತುಗಳು ನಿಲ್ಲುವುದಿಲ್ಲವಾದ್ದರಿಂದ.

2002ರಲ್ಲಿ ಆಸ್ಟ್ರೇಲಿಯದಲ್ಲಿ ರೇಚಲ್ ಬುಕ್‌ಬೈಂಡರ್ ತಂಡ 166 ಜನರ ಮೇಲೆ ಪ್ರಯೋಗ ಮಾಡಿತು. ಅರ್ಧ ಜನಕ್ಕೆ ನಿಜವಾದ ತರಂಗ, ಅರ್ಧ ಜನಕ್ಕೆ ಹೆಸರಿಗಷ್ಟೇ ಎನ್ನುವಷ್ಟು ಸಣ್ಣ ಪ್ರಮಾಣ. ಎರಡೂ ಗುಂಪುಗಳು ಸುಧಾರಿಸಿದವು, ನಡುವೆ ವ್ಯತ್ಯಾಸ ಸಿಗಲಿಲ್ಲ. ಮರುವರ್ಷ ಜರ್ಮನಿಯಲ್ಲಿ ಹಾಕೆ ತಂಡ 272 ಜನರಲ್ಲಿ ನೋಡಿದಾಗ ಯಶಸ್ಸು ಚಿಕಿತ್ಸೆಯ ಗುಂಪಿನಲ್ಲಿ ಶೇ. 34, ಚಿಕಿತ್ಸೆಯ ಸೋಗು ಮಾತ್ರ ಹಾಕಿದ ಗುಂಪಿನಲ್ಲಿ ಶೇ. 30. ಅಂದರೆ ಬಹುತೇಕ ಸಮ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಆದರೆ ವಿವರಗಳಲ್ಲಿ ಸಂಗತಿ ಇದೆ. ಆಸ್ಟ್ರೇಲಿಯದ ಪ್ರಯೋಗಕ್ಕೆ ಆರು ವಾರದ ನೋವಿನವರನ್ನೂ ಸೇರಿಸಿಕೊಂಡಿದ್ದರು, ತಾನಾಗಿಯೇ ವಾಸಿಯಾಗುವ ಹಂತದವರು. ಜರ್ಮನಿಯದರಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. 2008ರಲ್ಲಿ ಗೆರ್ಡೆಸ್‌ಮೆಯರ್ ತಂಡ, ಬೇರೆ ಚಿಕಿತ್ಸೆಗೆ ಬಗ್ಗದ ಹಳೇ ನೋವಿನವರನ್ನೇ ಆರಿಸಿ, ಮರಗಟ್ಟಿಸದೆ ರೇಡಿಯಲ್ ಕೊಟ್ಟಿತು. 12 ವಾರದಲ್ಲಿ ನೋವು ಇಳಿದದ್ದು ಶೇ. 72.1, ಸೋಗಿನ ಗುಂಪಿನಲ್ಲಿ ಶೇ. 44.7. 2015ರಲ್ಲಿ ಗೊಲ್‌ವಿಟ್ಜರ್ ತಂಡ 250 ಜನರಿಗೆ ಫೋಕಸ್ಡ್ ಕೊಟ್ಟಾಗ ಶೇ. 69.2 ಮತ್ತು 34.5.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಚಿಕಿತ್ಸೆಯ ಲಾಭ ನಿಜ. ಹಾಗೆಯೇ ಬರೀ ಟಕಟಕ ಸದ್ದು ಕೇಳಿ ಏಟು ಬೀಳದ ಕಾಲಿಗೂ ನೋವು ಮೂರನೇ ಒಂದು ಭಾಗದಿಂದ ಅರ್ಧದ ಹತ್ತಿರದವರೆಗೆ ಇಳಿಯಿತು. ಮನಸ್ಸಿನ ಭರವಸೆ, ಕಾಲದ ಉಪಕಾರ, ಎರಡೂ ಸೇರಿದ ಲೆಕ್ಕ ಅದು. "ನಮ್ಮಲ್ಲಿ ನೂರಕ್ಕೆ ತೊಂಬತ್ತೈದು ಗುಣ" ಅನ್ನುವ ಪಾಂಪ್ಲೆಟ್ ಕೈಗೆ ಬಂದರೆ ಈ ಅಂಕಿಗಳನ್ನು ನೆನಪು ಮಾಡಿಕೊಳ್ಳಿ.

ಇನ್ನೊಂದು ಅಧ್ಯಯನ ನನಗೆ ಎಲ್ಲಕ್ಕಿಂತ ಇಷ್ಟ. 2010ರಲ್ಲಿ ಅದೇ ರೊಂಪೆ ತಂಡ, ನೋವು ಶುರುವಾಗಿ ಆರು ವಾರವೂ ಆಗದ 102 ಜನರಲ್ಲಿ ರೇಡಿಯಲ್ ಶಾಕ್‌ವೇವ್ ಮತ್ತು ಆ ಕಾಲ ಮೇಲೆ ಕಾಲು ಹಾಕುವ ವ್ಯಾಯಾಮವನ್ನು ಎದುರುಬದುರು ನಿಲ್ಲಿಸಿತು. ಗೆದ್ದದ್ದು ವ್ಯಾಯಾಮ. ಯಂತ್ರದ ಪರವಾಗಿ ಅಷ್ಟೆಲ್ಲ ಕೆಲಸ ಮಾಡಿದವರೇ ಹೊಸ ನೋವಿಗೆ ಇದು ಬೇಡ ಅಂದ ಹಾಗಾಯಿತು. ಹೊಸ ನೋವಿನಲ್ಲಿ ಮೇಸ್ತ್ರಿ ಇನ್ನೂ ಕೆಲಸದಲ್ಲೇ ಇದ್ದಾನೆ, ಕರೆಯುವ ಅಗತ್ಯವೇ ಇಲ್ಲ.

ಯಾರು ಹತ್ತಿರ ಹೋಗಬಾರದು

ಗರ್ಭಿಣಿಯರಿಗೆ ಇದು ಬೇಡ. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟದ ತೊಂದರೆಯವರು, ಆ ಜಾಗದಲ್ಲಿ ಸೋಂಕು ಅಥವಾ ಗಡ್ಡೆ ಇರುವವರು, ಮೂಳೆ ಇನ್ನೂ ಬೆಳೆಯುತ್ತಿರುವ ಮಕ್ಕಳು ದೂರ ಇರಬೇಕು. ಹತ್ತಿರದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಆರು ವಾರವಾದರೂ ಕಾಯಿಸುತ್ತಾರೆ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು "ಹತ್ತಕ್ಕೆ ಎಷ್ಟು" ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಾರರು, ಅವರ ವಿಷಯದಲ್ಲಿ ವೈದ್ಯರೇ ತೀರ್ಮಾನಿಸಬೇಕು. ಉಳಿದವರಿಗೆ ಅಡ್ಡ ಪರಿಣಾಮ ಸಣ್ಣದು: ಒಂದೆರಡು ದಿನ ಕೆಂಪಾಗುವುದು, ಕಂದುವುದು, ನೋವು ತುಸು ಹೆಚ್ಚುವುದು.

ಇದಕ್ಕೂ ಮೊದಲಿನ ಪ್ರಶ್ನೆ, ನಿಮ್ಮದು ಈ ರೋಗವೇನಾ ಅನ್ನುವುದು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಂಡಿದರೆ ಜೀವ ಹೋಗುವಂತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಅಂಗಾಲು ಜುಮುಗುಟ್ಟಿ ಉರಿದರೆ ಪಾದದ ನರ ಎಲ್ಲಾದರೂ ಸಿಕ್ಕಿಕೊಂಡಿರಬಹುದು. ಇಪ್ಪತ್ತು ಮೂವತ್ತರ ಪ್ರಾಯದವರಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಗ್ಗೆ ಎದ್ದಾಗ ಸೊಂಟ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿಯಾಗಿದ್ದರೆ, ಅದು ಬೆನ್ನುಮೂಳೆಯ ಸಂಧಿವಾತದ ಸೂಚನೆ ಆಗಿರಬಹುದು. ಅವರು ಹೋಗಬೇಕಾದದ್ದು ಸಂಧಿವಾತ ತಜ್ಞರ ಬಳಿಗೆ. ಎರಡು ಸಾವಿರ ಏಟು ತಿಂದು ಆಮೇಲೆ ಇದು ಗೊತ್ತಾಗುವುದು ಬೇಡ.

ನನ್ನದು ವಾರಕ್ಕೊಂದರಂತೆ ಮೂರು ಸಿಟ್ಟಿಂಗ್. ಪ್ರತಿ ಸಲವೂ ಎರಡು ದಿನ ಜೋರು ನಡಿಗೆ ಬೇಡ, ಉರಿಯೂತದ ಮಾತ್ರೆ ಬೇಡ ಅಂದರು. ಎಬ್ಬಿಸಲು ಹೊರಟಿರುವ ಆ ಗಲಾಟೆಯನ್ನೇ ಮಾತ್ರೆ ಅಡಗಿಸಿಬಿಟ್ಟೀತು ಎಂಬುದು ಅವರ ವಾದ. ಟವೆಲ್ ವ್ಯಾಯಾಮವನ್ನು ಈ ಸಲ ಕ್ಯಾಲೆಂಡರಿನಲ್ಲಿ ಟಿಕ್ ಹಾಕಿ ಮಾಡಿದೆ. ನಾಲ್ಕನೇ ವಾರ ಏನೂ ವ್ಯತ್ಯಾಸವಿಲ್ಲದೆ ದುಡ್ಡು ಹೋಯಿತಲ್ಲ ಅಂತ ಕೊರಗಿದ್ದೂ ಆಯಿತು. ಎಂಟನೇ ವಾರದ ಒಂದು ಬೆಳಗ್ಗೆ ಹಾಲಿನವನು ಬೆಲ್ ಒತ್ತಿದ. ಎದ್ದು ಬಾಗಿಲು ತೆರೆದು, ಪ್ಯಾಕೆಟ್ ಒಳಗೆ ತಂದಿಟ್ಟ ಮೇಲೆ ಹೊಳೆಯಿತು, ಗೋಡೆ ಹಿಡಿಯುವುದನ್ನು ಮರೆತಿದ್ದೆ. ಈಗ ಹತ್ತಕ್ಕೆ ಒಂದೋ ಎರಡೋ ಇದೆ, ಪರೀಕ್ಷೆ ಡ್ಯೂಟಿಯ ದಿನ ಮೂರು. ಇದರಲ್ಲಿ ಏಟಿನ ಪಾಲೆಷ್ಟು, ಟವೆಲಿನ ಪಾಲೆಷ್ಟು, ಹಳೇ ಹವಾಯಿ ಚಪ್ಪಲಿ ಬಿಸಾಡಿದ್ದರ ಪಾಲೆಷ್ಟು ಅಂತ ಒಂದೇ ಕಾಲಿನಲ್ಲಿ ಬೇರೆ ಮಾಡಿ ತೋರಿಸಲು ಬರುವುದಿಲ್ಲ.

ಅಮ್ಮನಿಗೆ ಕರೆಂಟ್ ಅಲ್ಲ ಅಂತ ಬಿಡಿಸಿ ಹೇಳಿದೆ. ಕಂಪ್ರೆಸರ್ ಇರುತ್ತೆ, ಗಾಳಿ ಬಂದು ಗುಂಡನ್ನ ತಳ್ಳುತ್ತೆ, ಅದು ಟಕಟಕ ಬಡಿಯುತ್ತೆ, ಪಂಕ್ಚರ್ ಅಂಗಡೀಲಿ ಇರುತ್ತಲ್ಲ ಅಂಥದ್ದೇ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬರೀ ಗಾಳಿಗೆ ಅಷ್ಟು ದುಡ್ಡು ಕೊಟ್ಟು ಬಂದ್ಯೇನೇ?"